ಮುನ್ನೂರು ರೂಪಾಯಿಯ ಅಡುಗೆಮನೆ

ಚಂದ್ರವ್ವನಿಗೆ ಓದಲು ಬರುತ್ತದೆ, ಬರೆಯಲು ಅಷ್ಟಾಗಿ ಬರುವುದಿಲ್ಲ. ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟ ಕೈ ಅದು. ಆದರೂ ತನ್ನ ಮನೆಯ ಸಾಮಾನಿನ ಪಟ್ಟಿಯನ್ನು ಆಕೆ ತಾನೇ ಬರೆದಳು. ಎರಡು ದಿನ ಹಿಡಿಯಿತು. ಮುಲುಂಡಿನ ಚಾಳಿನ ಆ ಒಂದೂವರೆ ಕೋಣೆಯಲ್ಲಿ ಒಂದೊಂದೇ ವಸ್ತುವನ್ನು ಮುಟ್ಟಿ, ಹೆಸರು ಹೇಳಿಕೊಂಡು, ದಪ್ಪ ಅಕ್ಷರದಲ್ಲಿ ಇಳಿಸಿದಳು. ರೊಟ್ಟಿ ಸುಡುವ ಹಂಚು ಮೂರು. ಗ್ಯಾಸಿನ ಒಲೆ ಒಂದು. ಹಿಟ್ಟು ನಾದುವ ಪರಾತ ಒಂದು. ಫ್ರಿಜ್ ಒಂದು, ಬಾಗಿಲು ಮುಚ್ಚುವುದಿಲ್ಲ. ಕೌದಿ ನಾಲ್ಕು.

ದಿವಾಳಿ ಅರ್ಜಿಗೆ ಬೇಕಾಗಿದ್ದ ಪಟ್ಟಿ ಅದು.

ಸಿಂದಗಿ ಕಡೆಯ ಹಳ್ಳಿಯಿಂದ ಆಕೆ ಮುಂಬಯಿಗೆ ಬಂದದ್ದು ಹತ್ತೊಂಬತ್ತನೆಯ ವಯಸ್ಸಿಗೆ, ಗಂಡ ಗದಿಗೆಪ್ಪನ ಹಿಂದೆ. ಗದಿಗೆಪ್ಪ ಸೆಂಟ್ರಿಂಗ್ ಕೆಲಸದವನು. ಕಟ್ಟುತ್ತಿದ್ದ ಬಿಲ್ಡಿಂಗಿನ ಕೆಳಗೇ ತಗಡಿನ ಮನೆ. ಅಲ್ಲಿ ಊರ ಕಡೆಯ ಗಂಡಸರು ಪಾವ್ ತಿಂದು ತಿಂದು ಬೇಸತ್ತಿದ್ದರು. ಚಂದ್ರವ್ವ ಗಂಡನಿಗೆ ಬಡಿಯುವ ರೊಟ್ಟಿಯ ವಾಸನೆ ಮೂರನೆಯ ಸ್ಲ್ಯಾಬಿನ ತನಕ ಏರಿತು. ಮರುದಿನ ಇಬ್ಬರು ಜೋಳದ ಹಿಟ್ಟು ತಂದುಕೊಟ್ಟು ಕೈಕಟ್ಟಿ ನಿಂತರು. ವಾರದಲ್ಲಿ ಇಪ್ಪತ್ತು ಜನವಾದರು. ಬಿಲ್ಡಿಂಗ್ ಮುಗಿದು ಕೆಲಸದವರು ಬೇರೆ ಕಡೆ ಹೋದ ಮೇಲೂ ರೊಟ್ಟಿ ನಿಲ್ಲಲಿಲ್ಲ. ಅದೇ ಬಿಲ್ಡಿಂಗಿಗೆ ವಾಸಕ್ಕೆ ಬಂದ ಸಂಸಾರಗಳು ಕೇಳತೊಡಗಿದವು. ಹಾಗೆ ಒಂದು ಹೌಸಿಂಗ್ ಸೊಸೈಟಿಯಿಂದ ಇನ್ನೊಂದಕ್ಕೆ, ಮೂವತ್ತು ವರ್ಷ. ಗದಿಗೆಪ್ಪನ ಮೊಣಕಾಲು ಕೈಕೊಟ್ಟ ಮೇಲೆ ಮನೆ ನಿಂತದ್ದು ಆ ರೊಟ್ಟಿಯ ಮೇಲೆ. ಒಬ್ಬಳೇ ಮಗಳನ್ನು ಓದಿಸಿ, ಬೆಳಗಾವಿಗೆ ಮದುವೆ ಮಾಡಿಕೊಟ್ಟದ್ದೂ ಅದರಿಂದಲೇ.

ಎರಡು ಸಾವಿರದ ಹದಿನೆಂಟರಲ್ಲಿ ಚಂದ್ರವ್ವ ಒಂದು ಧೈರ್ಯ ಮಾಡಿದಳು. ಗ್ರಾಂಟ್ ರೋಡ್ ಸ್ಟೇಷನ್ನಿನ ಹತ್ತಿರದ ಓಣಿಯಲ್ಲಿ ಬಾಡಿಗೆಗೆ ಜಾಗ ಹಿಡಿದು, ಸಾಲ ತೆಗೆದು, ಎಂಟು ಟೇಬಲ್ಲಿನ ಖಾನಾವಳಿ ಹಾಕಿದಳು. ಆರಂಭದ ದಿನ ಚಾಳಿನ ಹೆಂಗಸರೂ ಊರ ಕಡೆಯ ಗೆಳತಿಯರೂ ಲೋಕಲ್ ಹಿಡಿದು ಬಂದರು. ಬರಿಗೈಯಲ್ಲಿ ಯಾರೂ ಬರಲಿಲ್ಲ. ಕೊಡ, ಬೋಗುಣಿ, ಡಬ್ಬಿ, ಪರಾತ. ಎಲ್ಲದರ ಅಂಚಿನಲ್ಲಿಯೂ ಅಂಗಡಿಯಲ್ಲೇ ಕೊರೆಸಿದ ಹೆಸರು: ಚಂದ್ರವ್ವನ ಖಾನಾವಳಿಗೆ, ಇಂಥವರಿಂದ. ಒಟ್ಟು ಹದಿನೇಳು ಪಾತ್ರೆ.

ಎರಡು ವರ್ಷ ಟೇಬಲ್ಲುಗಳು ತುಂಬಿದ್ದವು. ಆಮೇಲೆ ಊರೆಲ್ಲ ಬಾಗಿಲು ಹಾಕಿಕೊಂಡ ಆ ಮಾರ್ಚ್ ಬಂತು. ಮುಚ್ಚಿದ ಷಟರಿಗೆ ಆಕೆ ಹದಿನಾಲ್ಕು ತಿಂಗಳು ಬಾಡಿಗೆ ಕಟ್ಟಿದಳು. ಜಾಗ ಬಿಟ್ಟ ಮೇಲೂ ಸಾಲದ ಕಂತು ಕಟ್ಟಿದಳು. ಬಂಗಾರ ಹೋಯಿತು. ಬೆಳಿಗ್ಗೆ ಮುನ್ನೂರು ರೊಟ್ಟಿ ಬಡಿದು, ಅದರಲ್ಲಿ ಅರ್ಧ ಬಡ್ಡಿಗೆ ಹಾಕಿ, ಮೂರು ವರ್ಷ ಹಾಗೇ ನಡೆಸಿದಳು. ಅಸಲು ಮಾತ್ರ ಇದ್ದಲ್ಲೇ ಇತ್ತು. ಕೊನೆಗೆ ಕೈಮುಗಿದು ವಕೀಲರ ಮುಂದೆ ಕುಳಿತಳು.

ವಕೀಲೆಯ ಹೆಸರು ಶ್ರಾವ್ಯಾ. ಇನ್ನೂ ಮೂವತ್ತಾಗದ ಹುಡುಗಿ. ಮುಲುಂಡ್ ಸ್ಟೇಷನ್ನಿನ ಎದುರು, ಝೆರಾಕ್ಸ್ ಅಂಗಡಿಯ ಮೇಲೆ ಆಕೆಯ ಆಫೀಸು. ಮುಂಬಯಿಯಲ್ಲೇ ಹುಟ್ಟಿದವಳಾದ್ದರಿಂದ ಆಕೆಯ ಕನ್ನಡ ಹಿಂದಿ ಬೆರೆತು ಬರುತ್ತಿತ್ತು.

"ಆಂಟಿ, ಎರಡು ಲಿಸ್ಟ್ ಬೇಕು. ನಿಮ್ಮ ಹತ್ರ ಏನೇನಿದೆ, ಅದೊಂದು. ಯಾರ್ಯಾರಿಗೆ ಕೊಡೋದಿದೆ, ಅದೊಂದು. ಪ್ರಮಾಣ ಮಾಡಿ ಸೈನ್ ಮಾಡಬೇಕು. ಒಂದೂ ಬಿಡಬಾರದು. ಮುಚ್ಚಿಟ್ಟದ್ದು ಗೊತ್ತಾದ್ರೆ ಬಸ್, ಬಿಡುಗಡೆ ಸಿಗೋದೇ ಇಲ್ಲ."

"ನಮ್ಮ ಕೈಯಾಗ ಏನ ಉಳೀತೈತಿ ತಂಗಿ?"

"ಬಟ್ಟೆ, ಹಾಸಿಗೆ, ಅಡುಗೆ ಪಾತ್ರೆ, ನಿಮ್ಮ ಕೆಲಸದ ಸಾಮಾನು. ಮಗರ್..." ಶ್ರಾವ್ಯಾ ಪೆನ್ನಿನ ಮುಚ್ಚಳ ತಿರುಗಿಸಿದಳು. "ಎಲ್ಲಾ ಸೇರಿ ಮುನ್ನೂರು ರೂಪಾಯಿವರೆಗೆ."

ಗದಿಗೆಪ್ಪ ಮೊಣಕಾಲ ಮೇಲೆ ಕೈಯಿಟ್ಟುಕೊಂಡ. "ಮುನ್ನೂರಂದ್ರ ಈ ಮೊಣಕಾಲ ಪಟ್ಟೀನೂ ಬರಂಗಿಲ್ಲಲ್ಲ ಯವ್ವಾ. ಇದನ್ನೂ ಬಿಚ್ಚಿಕೊಂಡು ಹೋಗ್ತಾರೇನ?"

"ಇಂಗ್ಲಿಷರ ಕಾಲದ ಕಾಯ್ದೆ, ಅಂಕಲ್. ಆವಾಗ ಬರೆದ ನಂಬರ್ ಹಾಗೇ ಇದೆ. ಮತ್ಲಬ್, ನೀವು ಕೊಟ್ಟ ರೇಟ್ ಅಲ್ಲ, ಇವತ್ತು ಮಾರಿದ್ರೆ ಏನು ಬರುತ್ತೆ, ಅದನ್ನ ಹಿಡೀತಾರೆ. ಹಳೇ ಸಾಮಾನಿಗೆ ಏನು ಬರುತ್ತೆ ಹೇಳಿ?"

ಚಂದ್ರವ್ವ ಅದನ್ನು ಕೇಳಿಸಿಕೊಂಡಳು. ಆಕೆಯ ತಲೆಯಲ್ಲಿ ಇದ್ದದ್ದು ಮೂರು ಹಂಚು. ಮೂರು ಹಂಚಿದ್ದರೆ ಎಂಟು ಗಂಟೆಯ ಒಳಗೆ ಮುನ್ನೂರು ರೊಟ್ಟಿ. ಎರಡೇ ಆದರೆ ಇನ್ನೂರು. ಆ ನೂರು ರೊಟ್ಟಿಯಲ್ಲಿ ಚಾಳಿನ ಬಾಡಿಗೆ ಇತ್ತು.

ಎರಡನೆಯ ಪಟ್ಟಿಯಲ್ಲಿ ಆಕೆ ಮೊದಲು ಫೈನಾನ್ಸಿನವರನ್ನು ಹೇಳಿದಳು, ಆಮೇಲೆ ಗ್ರಾಂಟ್ ರೋಡಿನ ಜಾಗದ ಮಾಲೀಕರನ್ನು, ಜೋಳದ ವ್ಯಾಪಾರಿಯನ್ನು. ಶ್ರಾವ್ಯಾ ಟೈಪು ಮಾಡಿ ಮುಗಿಸಿ ತಲೆಯೆತ್ತಿದಾಗ ಚಂದ್ರವ್ವ ಇನ್ನೂ ನೋಟಬುಕ್ಕು ಮುಚ್ಚಿರಲಿಲ್ಲ.

"ಇನ್ನ ಹದಿನಾಲ್ಕು ಮಂದಿ ಅದಾರ. ವಸಂತಿ, ಒಂದು ಪರಾತ. ಮಹಾದೇವಿ, ಒಂದು ಕೊಡ. ನಾಗವ್ವ..."

"ಇವರಿಗೆ ಎಷ್ಟು ಹಣ ಕೊಡಬೇಕು?"

"ರೊಕ್ಕ ಅಲ್ಲವಾ. ಪಾತ್ರಿ. ಖಾನಾವಳಿ ಹಾಕಿದಾಗ ಆಯೇರಿ ಮಾಡ್ಯಾರ. ಅವರ ಮನ್ಯಾಗ ಕಾರ್ಯ ಆದಾಗ ನಾ ತಿರುಗಿ ಮಾಡಬೇಕಲ್ಲ? ಮೂರು ಮನಿಗೆ ಮಾಡೀನಿ, ಅವರ ಪಾತ್ರಿ ಖಾನಾವಳ್ಯಾಗನ ತೂತ ಬಿದ್ದು ಹೋದವು. ಹದಿನಾಲ್ಕು ಉಳದಾವ."

ಊರ ಕಡೆ ಆಯೇರಿ, ಮುಯ್ಯಿ ಎಂದರೆ ಹಾಗೆಯೇ. ಪಾತ್ರೆಯ ಮೇಲಿನ ಹೆಸರು ಅದಕ್ಕಾಗಿಯೇ ಇರುವುದು. ಯಾರದು ಬಂದಿದೆ, ಯಾರಿಗೆ ಹೋಗಬೇಕು ಎಂದು ದಿನಾ ತೊಳೆಯುವಾಗ ಬೆರಳಿಗೆ ತಾಗುತ್ತಿರಲಿ ಎಂದು.

ಶ್ರಾವ್ಯಾ ನಕ್ಕಳು. "ಆಂಟಿ, ಅದು ಗಿಫ್ಟ್. ಸಾಲ ಅಲ್ಲ."

"ಕೊಡೋದಿದ್ದದ್ದು ಒಂದೂ ಬಿಡಬಾರದು ಅಂದೆಲ್ಲ. ಪ್ರಮಾಣ ನಂದು. ಬರಕೋ."

ಆ ಮುಖದ ಎದುರು ವಾದ ಮಾಡುವುದು ಶ್ರಾವ್ಯಾಗೆ ಕಷ್ಟವಾಯಿತು. ಹೆಚ್ಚು ಬರೆದರೆ ಯಾರಿಗೂ ತೊಂದರೆಯಿಲ್ಲ, ಕಡಿಮೆ ಬರೆದರೆ ತಾನೆ ತೊಂದರೆ ಎಂದುಕೊಂಡು ಹದಿನಾಲ್ಕು ಹೆಸರನ್ನೂ ವಿಳಾಸದ ಸಮೇತ ಸೇರಿಸಿದಳು. ಮೊತ್ತದ ಜಾಗದಲ್ಲಿ 'ತಿಳಿದಿಲ್ಲ' ಎಂದು ಹಾಕಿದಳು. ಪಟ್ಟಿಯಲ್ಲಿ ಇರುವವರಿಗೆಲ್ಲ ನೋಟೀಸು ಹೋಗುತ್ತದೆ ಎಂಬುದು ಆ ಹೊತ್ತಿನಲ್ಲಿ ಇಬ್ಬರ ತಲೆಗೂ ಬರಲಿಲ್ಲ.

ಅರ್ಜಿ ದಾಖಲಾಗಿ ಕೆಲವು ತಿಂಗಳ ಮೇಲೆ ಒಂದು ಮಧ್ಯಾಹ್ನ ವಸಂತಿ ಲಕೋಟೆ ಹಿಡಿದುಕೊಂಡು ಬಾಗಿಲಲ್ಲಿ ನಿಂತಳು. ಉಡುಪಿ ಕಡೆಯವಳು, ಎದುರು ಕೋಣೆ, ಇಪ್ಪತ್ತೆರಡು ವರ್ಷದ ನೆರೆ.

"ಚಂದ್ರಕ್ಕ, ಇದೆಂತ ಮಾರಾಯ್ರೆ? ಹೈಕೋರ್ಟಿಂದ ಕಾಗದ ಬಂದಿದೆ ನನಗೆ! ನಾನು ನಿಮಗೆ ಸಾಲ ಕೊಟ್ಟಿದ್ದೇನಂತೆ. ನಮ್ಮವರು ಓದಿ ನೀರು ಕುಡಿದರು. 'ಯಾವಾಗ ಕೊಟ್ಟದ್ದು? ನನಗೆ ಗೊತ್ತಿಲ್ಲದೆ ಎಷ್ಟು ಕೊಟ್ಟದ್ದು?' ಅಂತ ಬೆಳಿಗ್ಗೆಯಿಂದ ಒಂದೇ ಸಮ!"

"ಪರಾತ, ವಸಂತಿ. ನೀ ಕೊಟ್ಟ ಪರಾತ."

"ಪರಾತಕ್ಕೆ ಹೈಕೋರ್ಟಾ?"

ಅಷ್ಟರಲ್ಲಿ ಕೆಳಗಿನ ಮಾಳಿಗೆಯ ಮಹಾದೇವಿಯೂ ಮೆಟ್ಟಿಲು ಹತ್ತಿ ಬಂದಳು, ಆಕೆಯ ಕೈಯಲ್ಲೂ ಲಕೋಟೆ. "ಯಕ್ಕಾ, ನನ್ನ ಕೊಡ ಏನ ತಪ್ಪ ಮಾಡೇತಿ?" ಸಂಜೆಯೊಳಗೆ ಒಂಬತ್ತು ಹೆಂಗಸರು, ಒಂಬತ್ತು ಲಕೋಟೆ. ಕೂರಲು ಜಾಗವಿಲ್ಲದೆ ಅರ್ಧ ಜನ ಹೊರಗಿನ ಗ್ಯಾಲರಿಯಲ್ಲಿ ನಿಂತರು. ಗದಿಗೆಪ್ಪ ಎಲ್ಲರಿಗೂ ಕೈಮುಗಿದು, "ಬರ್ರಿ ಸಾಹುಕಾರ್ರ, ಬರ್ರಿ," ಎಂದು ಬರಮಾಡಿಕೊಂಡ. ನಗು ಎದ್ದಿತು. ಚಂದ್ರವ್ವ ಮಾತ್ರ ನಗಲಿಲ್ಲ. ತನ್ನ ದಿವಾಳಿಯ ಸುದ್ದಿಯನ್ನು ತಾನೇ ಮನೆ ಮನೆಗೆ ಅಂಚೆಯಲ್ಲಿ ಕಳಿಸಿದಂತಾಗಿತ್ತು.

ಆಕೆ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಸಾಮಾನು ಬರೆದುಕೊಳ್ಳಲು ಸೋಮವಾರ ಕೋರ್ಟಿನ ಸಾಹೇಬರು ಬರುತ್ತಾರೆ. ಮುನ್ನೂರು ರೂಪಾಯಿಯ ಒಳಗೆ ಬಂದದ್ದು ಉಳಿಯುತ್ತದೆ, ಮಿಕ್ಕದ್ದು ಸಾಲದವರಿಗೆ.

ವಸಂತಿ ಸೆರಗು ಬಿಗಿದಳು. "ಹಾಗಾದರೆ ಇದು ಒಳ್ಳೆಯದೇ ಆಯಿತಲ್ಲ! ಹದಿನಾಲ್ಕು ಪಾತ್ರೆಯ ಮೇಲೂ ನಮ್ಮ ಹೆಸರುಂಟು. ನಾವು ಹೇಳುವ, ಇದೆಲ್ಲ ನಮ್ಮದು, ಸುಮ್ಮನೆ ಬಳಸಲಿಕ್ಕೆ ಕೊಟ್ಟದ್ದು ಅಂತ. ಬೇರೆಯವರ ಸಾಮಾನು ಅವರು ಮುಟ್ಟುವ ಹಾಗಿಲ್ಲ. ಪರಾತ ಲೆಕ್ಕಕ್ಕೇ ಬರುವುದಿಲ್ಲ. ಆಗ ನಿಮ್ಮ ಮೂರು ಹಂಚೂ ಉಳಿಯುತ್ತದೆ, ಅಲ್ವಾ?"

ಲೆಕ್ಕ ಸರಿಯಾಗಿತ್ತು. ಫೋನಿನಲ್ಲಿ ಕೇಳಿದಾಗ ಶ್ರಾವ್ಯಾ ಹೇಳಿದಳು, "ಅವರು ಹಾಗೆ ಬರೆದುಕೊಟ್ರೆ ಪಾತ್ರೆ ಉಳಿಯುತ್ತೆ ಆಂಟಿ. ಆದ್ರೆ ನಿಜ ಏನು ಅಂತ ನಿಮ್ಮನ್ನ ಕೇಳ್ತಾರೆ. ಉತ್ತರ ನೀವು ಕೊಡಬೇಕು."

ಮೂರು ದಿನ ಆ ಉತ್ತರ ಚಂದ್ರವ್ವನ ಜೊತೆ ಓಡಾಡಿತು. ಹಿಟ್ಟು ನಾದುವಾಗ, ಡಬ್ಬಿ ಕಟ್ಟುವಾಗ, ಸೊಸೈಟಿಯ ಲಿಫ್ಟಿನ ಕನ್ನಡಿಯಲ್ಲಿ.

ಸೋಮವಾರ ಬಂದ ಸಾಹೇಬರ ಹೆಸರು ಗುರುಪಾದ. ಅಕ್ಕಲಕೋಟೆಯವರು, ಹಣೆಯಲ್ಲಿ ಸಣ್ಣ ವಿಭೂತಿ, ಕನ್ನಡ ಚೆನ್ನಾಗಿ ಬರುತ್ತಿತ್ತು. ಜೊತೆಗೆ ಬೆಲೆ ಹೇಳಲು ಗುಜರಿ ಸಾಮಾನು ಕೊಳ್ಳುವ ಒಬ್ಬ ಭಂಗಾರದವನು, ಅವನ ಕೈಯಲ್ಲಿ ತೂಗುವ ಕಾಟಾ. ಹಿರಿಯರೊಬ್ಬರು ಗ್ಯಾಲರಿಯಿಂದಲೇ, "ಸಾಹೇಬ್ರು ನಮ್ಮ ಮಂದೀನ ಅದಾರ," ಎಂದು ಗೆಲುವಿನಿಂದ ಪಿಸುಗುಟ್ಟಿದರು. ಅದು ಕೇಳಿಸಿದ ಹಾಗೆ ಗುರುಪಾದ ನೀರನ್ನೂ ಬೇಡವೆಂದರು.

ಬಟ್ಟೆ, ಕೌದಿಗಳ ಮುಂದೆ 'ಬೆಲೆಯಿಲ್ಲ' ಎಂದು ಬರೆದರು. ಫ್ರಿಜ್, ಟೀವಿ, ಕಪಾಟು, ಖಾನಾವಳಿಯಿಂದ ಬಂದ ಮಿಕ್ಸರು ಹೋಗುವ ಪಟ್ಟಿಗೆ ಸೇರಿದವು. ಆಮೇಲೆ ಅಟ್ಟದಿಂದ ಪಾತ್ರೆಗಳು ಇಳಿದವು. ಗುರುಪಾದ ಕೊಡವನ್ನು ಬೆಳಕಿಗೆ ಹಿಡಿದು ಹೆಸರು ಓದಿದರು. ಬೋಗುಣಿ ತಿರುಗಿಸಿ ಓದಿದರು. ನೋಟೀಸಿನ ಪಟ್ಟಿ ತೆಗೆದು ಒಂದೊಂದಾಗಿ ತಾಳೆ ನೋಡಿದರು.

"ಇವು ಯಾರವು?"

"ನಮ್ಮವು ಸಾರ್," ಎಂದಳು ವಸಂತಿ, ಬಾಗಿಲಿನಿಂದಲೇ. "ಬಳಸಲಿಕ್ಕೆ ಕೊಟ್ಟದ್ದು. ಬೇಕಾದರೆ ಎಲ್ಲರೂ ಬರೆದುಕೊಡುತ್ತೇವೆ."

ಗುರುಪಾದ ಚಂದ್ರವ್ವನ ಕಡೆ ತಿರುಗಿದರು. "ನೀವು ಹೇಳ್ರಿ. ಅವರು ಹೇಳೂದು ಖರೇನು? ಹೌದಂದ್ರ ಇವು ಇಲ್ಲೇ ಇರ್ತಾವು."

ಚಂದ್ರವ್ವ ಒರಸುವ ಬಟ್ಟೆಯಿಂದ ಕೈ ಒರಸಿಕೊಂಡಳು. ಕೈ ಒಣಗಿಯೇ ಇತ್ತು.

"ಇಲ್ರೀ. ನನಗ ಕೊಟ್ಟಾರ. ಕೊಟ್ಟ ಮ್ಯಾಲ ನನ್ನವು. ತಿರುಗಿ ಕೊಡೂದು ನನ್ನ ಧರ್ಮ. ಅವರು ಬಂದು ಕೇಳೂ ಹಕ್ಕಲ್ಲ, ಕೇಳೋದೂ ಇಲ್ಲ."

"ಚಂದ್ರಕ್ಕ!"

"ಸುಮ್ಮನಿರ ವಸಂತಿ. ನೀ ಸುಳ್ಳ ಹೇಳಿ ನನ್ನ ಹಂಚ ಉಳಿಸಿದ್ರ, ನಾ ಅದರ ಮ್ಯಾಲ ಹೆಂಗ ರೊಟ್ಟಿ ಸುಡ್ಲಿ?"

ಗುರುಪಾದ ಬರೆದುಕೊಂಡರು. ಭಂಗಾರದವನು ತೂಗಿದ. ಹಂಚುಗಳು ಕಬ್ಬಿಣದ ದರಕ್ಕೆ ಒಂದೊಂದು ಎಪ್ಪತ್ತೈದು. ತುಕ್ಕು ಹಿಡಿದ ಒಲೆ ಅರವತ್ತು. ಪರಾತ ಐವತ್ತು. ಎಲ್ಲ ಸೇರಿ ಮುನ್ನೂರ ಮೂವತ್ತೈದು ಆಯಿತು. ಬೇಯಿಸಿ ಉಣ್ಣುವ ಒಂದು ಪಾತ್ರೆಯೂ ಇನ್ನೂ ಲೆಕ್ಕಕ್ಕೆ ಬಂದಿರಲಿಲ್ಲ.

"ದರ ನಾ ಕಮ್ಮಿ ಬರೆಯೂಹಂಗಿಲ್ಲ ಅಕ್ಕಾರ," ಎಂದರು ಗುರುಪಾದ ತಗ್ಗಿದ ದನಿಯಲ್ಲಿ. "ಆರಿಸೂದು ನಿಮ್ಮ ಕೈಯಾಗ."

ಚಂದ್ರವ್ವ ಮೂರು ಹಂಚನ್ನೂ ಒಮ್ಮೆ ನೋಡಿದಳು. ನಡುವಿನದು ಖಾನಾವಳಿಗೆಂದು ಕೊಂಡದ್ದು, ಉಳಿದೆರಡಕ್ಕಿಂತ ಹೊಸದು, ಬೇಗ ಕಾಯುವುದು. ಅದನ್ನೇ ಎತ್ತಿ ಆಚೆ ಇಟ್ಟಳು. ಹಳೆಯ ಎರಡರ ಮೇಲೆ ತನ್ನ ಕೈಗೆ ಉರಿಯ ಅಂದಾಜು ಇದೆ ಎಂದು ಗಂಡನಿಗೆ ಹೇಳಿದಳು, ಕಾರಣವನ್ನು ಯಾರೂ ಕೇಳಿರಲಿಲ್ಲ. ಉಳಿದ ನಲವತ್ತು ರೂಪಾಯಿಯೊಳಗೆ ಒಂದು ಅನ್ನದ ಪಾತ್ರೆ, ಎರಡು ತಾಟು ಹಿಡಿದವು. ಎಲ್ಲ ಹೆಸರಿಲ್ಲದವು, ಆಕೆಯ ಹಳೆಯ ಸಂಸಾರದವು.

"ಇನ್ನ ಐದ ರೂಪಾಯಿ ಐತಿ," ಎಂದರು ಗುರುಪಾದ.

ಗದಿಗೆಪ್ಪ ಗೋಡೆಗೊರಗಿದ್ದಲ್ಲಿಂದ ಕೆಮ್ಮಿದ. "ಒಂದು ಸವಟ ಬರಕೊಳ್ರಿ ಸಾಹೇಬ್ರ. ಇಲ್ಲಂದ್ರ ಸಾರು ಕೈಲೇ ಬಡಸ್ತಾಳ, ಆಮ್ಯಾಲ ಕೈ ಸುಟ್ಟಿತಂದು ನನಗ ಬೈತಾಳ."

ಕಾಟಾದ ಮೇಲೆ ಸೌಟು ಬಿತ್ತು. ನೂರು ಗ್ರಾಮು. ಗುರುಪಾದ ಮೊದಲ ಸಲ ನಕ್ಕರು, ಮುನ್ನೂರು ಎಂದು ಬರೆದು ಕೆಳಗೆ ಗೆರೆ ಎಳೆದರು.

ಆಗ ಮಹಾದೇವಿಯ ದನಿ ಬಂತು, ಅಳು ತಡೆದ ದನಿ. "ಅಂದ್ರ ನನ್ನ ಕೊಡ ಭಂಗಾರದ ಅಂಗಡ್ಯಾಗ ಬೀಳತೈತೇನ್ರಿ? ನಮ್ಮ ಮನೆತನದ ಹೆಸರ ಸಮೇತ?"

ಇದನ್ನು ಚಂದ್ರವ್ವ ಯೋಚಿಸಿರಲಿಲ್ಲ. ಪರಾತ ಉಳಿದಿತ್ತು. ಮಿಕ್ಕ ಹದಿಮೂರು ಪಾತ್ರೆ ನೆಲದ ಮೇಲೆ ಸಾಲಾಗಿ ಕುಳಿತಿದ್ದವು, ಹದಿಮೂರು ಮನೆಗಳ ಹೆಸರು ಹೊತ್ತು. ತನ್ನ ದಿವಾಳಿಯಲ್ಲಿ ಅವರನ್ನೂ ಬಜಾರಿಗೆ ಎಳೆದಂತಾಗುತ್ತದೆ.

"ಸಾಹೇಬ್ರ, ಇವನ್ನ ಕೊಳ್ಳಾಕ ಇವರಿಗೆ ಬರ್ತೈತೇನ್ರಿ? ನೀವು ಹಾಕಿದ ದರಕ್ಕ?"

ಗುರುಪಾದ ಕ್ಷಣ ಯೋಚಿಸಿದರು. ಆಫೀಸಿನಿಂದ ಒಪ್ಪಿಗೆ ತೆಗೆದುಕೊಂಡು, ಅಲ್ಲೇ ಬಂದು ಹಣ ಕಟ್ಟಿ ರಸೀದಿ ತೆಗೆದುಕೊಂಡರೆ ಆಗಬಹುದು ಎಂದರು. ಆ ಹಣ ಸಾಲದವರಿಗೇ ಸೇರುತ್ತದೆ.

ಗ್ಯಾಲರಿಯಲ್ಲಿ ಉಸಿರು ಸಡಿಲಾಯಿತು. ಮಹಾದೇವಿ ತನ್ನ ಕೊಡದ ಕಡೆ ಕೈ ಚಾಚಿದ್ದಳು. ಚಂದ್ರವ್ವ ಆ ಕೈ ಹಿಡಿದಳು.

"ನಿಂದು ನೀ ಒಯ್ಯಬ್ಯಾಡ. ಕೊಟ್ಟದ್ದು ಕೊಟ್ಟವರ ಮನಿಗೇ ತಿರುಗಿ ಹೋದ್ರ ನಡುವಿನ ಬಳಕಿ ಹರೀತೈತಿ. ನಮ್ಮ ಕಡೆ ಸಿಟ್ಟ ಬಂದಾಗ ಹಂಗ ಕೊಡ್ತಾರ. ನಿನ್ನ ಕೊಡ ನಾಗವ್ವ ಒಯ್ಯಲಿ. ನಾಗವ್ವನ ಬೋಗಣಿ ನೀ ಒಯ್ಯಿ. ಯಾರೂ ತಮ್ಮ ಹೆಸರಿಂದು ತಮ್ಮ ಮನಿಗೆ ಒಯ್ಯಬ್ಯಾಡ್ರಿ. ಇಷ್ಟ ನಡೆಸಿಕೊಡ್ರಿ ನನಗ."

ಹಾಗೆಯೇ ಆಯಿತು. ಮುಂದಿನ ವಾರ ಹದಿಮೂರು ಹೆಂಗಸರು ಮುಲುಂಡಿನಿಂದ ಲೋಕಲ್ಲಿನ ಲೇಡೀಸ್ ಡಬ್ಬಿ ಹತ್ತಿ ಫೋರ್ಟಿನ ಕೋರ್ಟ್ ಆಫೀಸಿಗೆ ಹೋದರು. ದಾರಿಯುದ್ದಕ್ಕೂ ಯಾರ ಪಾತ್ರೆ ಯಾರಿಗೆ ಎಂಬುದರ ಮೇಲೆ ಜಗಳ. ನಾಗವ್ವನಿಗೆ ಕೊಡಕ್ಕಿಂತ ಡಬ್ಬಿ ಬೇಕಾಗಿತ್ತು. ಕೊಳ್ಳಲು ಏನೂ ಇಲ್ಲದಿದ್ದರೂ ವಸಂತಿ ಜೊತೆಗೆ ಹೋದಳು. ತನ್ನ ಪರಾತವೊಂದೇ ಚಂದ್ರಕ್ಕನ ಮನೆಯಲ್ಲಿ ಉಳಿದದ್ದೆಂದು ಭಾಂಡುಪಿನಿಂದ ದಾದರಿನ ತನಕ ಎಲ್ಲರಿಗೂ ಹೇಳಿದಳು. ರಸೀದಿ ಬರೆದ ಗುಮಾಸ್ತ, ಪಾತ್ರೆಯ ಮೇಲಿನ ಹೆಸರಿಗೂ ಕೊಳ್ಳುವವರ ಹೆಸರಿಗೂ ಯಾಕೆ ಹೊಂದುವುದಿಲ್ಲ ಎಂದು ಕೇಳಿದನಂತೆ. ಹದಿಮೂರು ಜನ ಒಟ್ಟಿಗೆ ಉತ್ತರ ಕೊಟ್ಟದ್ದರಿಂದ ಅವನಿಗೆ ಏನೂ ತಿಳಿಯಲಿಲ್ಲ.

ಹೋದ ಹಂಚಿನ ನೂರು ರೊಟ್ಟಿಯನ್ನು ಚಂದ್ರವ್ವ ಬಿಟ್ಟುಕೊಡಲಿಲ್ಲ. ಒಂದು ತಾಸು ಮೊದಲು ಏಳುತ್ತಾಳೆ. ಎರಡು ಹಂಚು ಈಗ ಹೆಚ್ಚು ಹೊತ್ತು ಉರಿಯ ಮೇಲಿರುತ್ತವೆ, ಆಕೆಯೂ ಅಷ್ಟೇ. ಸೊಸೈಟಿಗಳಿಗೆ ಮುನ್ನೂರೇ ಹೋಗುತ್ತದೆ. ಇಬ್ಬರೇ ಉಣ್ಣುವ ಮನೆಗೆ ಎರಡು ತಾಟು ಸಾಕು, ಯಾರಾದರೂ ಬಂದರೆ ಗದಿಗೆಪ್ಪ ಅನ್ನದ ಪಾತ್ರೆಯಲ್ಲೇ ಉಂಡುಬಿಡುತ್ತಾನೆ. ಸಾಲದಿಂದ ಪೂರ್ತಿ ಬಿಡುಗಡೆಯ ಆದೇಶ ಇನ್ನೂ ಬರಬೇಕು. ಬರುತ್ತದೆ, ಏನೂ ಮುಚ್ಚಿಟ್ಟಿಲ್ಲವಲ್ಲ ಎನ್ನುತ್ತಾಳೆ ಶ್ರಾವ್ಯಾ.

ಮೊನ್ನೆ ಮಹಾದೇವಿಯ ಮಗನ ಮದುವೆ ಗೊತ್ತಾಯಿತು. ಅಂದಿನಿಂದ ಚಂದ್ರವ್ವ ದಿನಕ್ಕೆ ಹತ್ತು ರೊಟ್ಟಿ ಹೆಚ್ಚು ಬಡಿಯುತ್ತಿದ್ದಾಳೆ. ಆ ಹತ್ತರ ಹಣ ಬೇರೆ ಇಡುತ್ತಿದ್ದಾಳೆ, ಒಂದು ಕೊಡಕ್ಕೆ.

"ಈ ಸಾಲ ಎಲ್ಲಾ ಮಾಫ್ ಆಗತೈತಿ ಅಂತ ವಕೀಲ್ರು ಹೇಳಿಲ್ಲೇನ?" ಎಂದ ಗದಿಗೆಪ್ಪ, ಬಿಸಿ ರೊಟ್ಟಿಗಳನ್ನು ಎಣಿಸಿ ಬಟ್ಟೆಯಲ್ಲಿ ಸುತ್ತುತ್ತ. "ಪಟ್ಟ್ಯಾಗ ಮಹಾದೇವಿ ಹೆಸರೂ ಇತ್ತಲ್ಲ. ಕೋರ್ಟನ ಬಿಟ್ಟ ಮ್ಯಾಲ ನಿಂದೇನು?"

ಚಂದ್ರವ್ವ ರೊಟ್ಟಿ ಮಗುಚಿ ಹಾಕಿದಳು.

"ಕೋರ್ಟಿಗೇನ ಗೊತ್ತಾಗತೈತಿ? ಅದರ ಮನ್ಯಾಗೇನ ಲಗ್ನ ಆಗತಾವೇನ?"